ಅವ್ವನ ಬಾಯಿಗೆ ಕೊನೆಯ ಗುಟುಕು

"ಅವ್ವನ ಬಾಯಿಗೆ ಗಂಗಾಜಲ ಬಿಡುವವನು ನಾನೇ! ಹಿರಿಮಗ ನಾನು, ಈ ಕೆಂಚನಕೋಟೆಯ ದೊರೆಯೂ ನಾನು. ನಡುವೆ ಬಾಯಿ ಹಾಕಲು ನೀವ್ಯಾರು?" ಎಂದು ಹೊನ್ನಪ್ಪ ನಾಯಕ ತುಂಬಿದ ಸಭೆಯಲ್ಲಿ ಗುಡುಗಿದ.

"ಹಿರಿಯನಾದರೇನಂತೆ? ಅವ್ವನಿಗೆ ಮುದ್ದಿನ ಮಗ ನಾನು," ಎಂದ ಎರಡನೆಯವನು, ದಳವಾಯಿ ಕಸ್ತೂರಪ್ಪ.

"ಅವ್ವನ ಸಂಕಟ ಗಂಡುಮಕ್ಕಳಿಗೇನು ಗೊತ್ತು? ಹಿರಿಮಗಳು ನಾನಿಲ್ಲವೇ?" ಎಂದಳು ದ್ಯಾವವ್ವ, ಮೊಳಕೈವರೆಗಿನ ಬಳೆ ಝಣಗುಟ್ಟಿಸುತ್ತ.

ಆರು ಗಂಡು, ಮೂರು ಹೆಣ್ಣು, ಒಟ್ಟು ಒಂಬತ್ತು ಮಕ್ಕಳು. ಪ್ರಾಣ ಹೋಗುವ ಹೊತ್ತಿನಲ್ಲಿ ತಾಯಿಯ ಬಾಯಿಗೆ ನೀರು ಬಿಟ್ಟವರಿಗೆ ಏಳು ಜನ್ಮದ ಪುಣ್ಯ ಎನ್ನುವುದು ಆ ಮನೆತನದ ನಂಬಿಕೆ. ಹಾಗಾಗಿ ಕಾಶಿಯಿಂದ ತರಿಸಿದ ತಾಮ್ರದ ಗಿಂಡಿಯೊಂದನ್ನು ನಡುವೆ ಇಟ್ಟುಕೊಂಡು ಮೂರು ದಿನದಿಂದ ಕಚ್ಚಾಡುತ್ತಿದ್ದರು. ಅತ್ತ ಅವ್ವನ ಕೋಣೆಯಲ್ಲಿ ಯಾರಿದ್ದರು ಅಂತೀರಿ? ದಾಸಿ ಸಿದ್ದವ್ವ ಒಬ್ಬಳೇ! ಉಳಿದ ಆಳುಕಾಳೆಲ್ಲ ಬಂದಿಳಿದ ಮಕ್ಕಳ ಊಟೋಪಚಾರದಲ್ಲಿ ಮುಳುಗಿದ್ದರು.

ಆಸ್ಥಾನದ ಮಾತುಗಾರ ಹೊಂಬಯ್ಯ ಅಂದು ಬೆಳಿಗ್ಗೆಯಷ್ಟೇ ಆ ಕೋಣೆಗೆ ಹೋಗಿ ಬಂದಿದ್ದ. "ರೋಗಕ್ಕೆ ಮದ್ದಿದೆ ಹೊಂಬಯ್ಯ," ಎಂದು ವೈದ್ಯರು ನಿಟ್ಟುಸಿರು ಬಿಟ್ಟಿದ್ದರು. "ಆದರೆ ಹಗಲೂ ರಾತ್ರಿ ಗಳಿಗೆಗೊಂದು ಗುಟುಕು ಗಂಜಿ, ಒಂದು ಗುಟುಕು ಕಷಾಯ ಕುಡಿಸುತ್ತಲೇ ಇರಬೇಕು. ಪಾಪ, ಸಿದ್ದವ್ವ ಒಬ್ಬಳೇ ಎಷ್ಟು ಅಂತ ಏಗುತ್ತಾಳೆ? ಹೀಗೇ ಬಿಟ್ಟರೆ ವಾರ ದಾಟುವುದಿಲ್ಲ."

ಸಭೆಯಲ್ಲಿ ನಿಂತ ಹೊಂಬಯ್ಯ ಅದನ್ನೇ ಯೋಚಿಸುತ್ತಿದ್ದ. ಒಂಬತ್ತು ಹೆತ್ತ ತಾಯಿಗೆ ಗಂಜಿ ಕುಡಿಸುವವರಿಲ್ಲ, ನೀರು ಬಿಡುವುದಕ್ಕೆ ಮಾತ್ರ ನೂಕುನುಗ್ಗಲು! ಹಾಗಂತ ದೊರೆಯ ಮುಖಕ್ಕೆ ಹೇಳಲಾದೀತೇ?

ಅಷ್ಟರಲ್ಲಿ ದೊರೆಯೇ ಅವನತ್ತ ತಿರುಗಿದ. "ಹೊಂಬಯ್ಯ, ಸಂಜೆಯೊಳಗೆ ಇದನ್ನು ನೀನೇ ತೀರ್ಮಾನಿಸು. ಒಂಬತ್ತೂ ಜನ ಒಪ್ಪಬೇಕು, ಒಬ್ಬರ ಮುಖವೂ ಊದಬಾರದು. ಆಗದಿದ್ದರೆ ನಾಳೆಯಿಂದ ಕೋಟೆಯ ಕಡೆ ತಲೆ ಹಾಕಬೇಡ."

"ಇದೇನು ಮಹಾ, ದೊರೆ!" ಎಂದ ಹೊಂಬಯ್ಯ. "ನೀರು ಬಿಟ್ಟ ಕೈ ಯಾರದೆಂದು ಹೋಗುವ ಜೀವಕ್ಕೇ ತಿಳಿಯದಿದ್ದರೆ ಪುಣ್ಯ ಯಾರಿಗೆ ಸೇರಬೇಕು? ಪಾಪ, ಯಮಧರ್ಮನಿಗೂ ಗಲಿಬಿಲಿ. ಅವ್ವನವರು ಕಣ್ಣು ಮುಚ್ಚಿ ಮಲಗಿದ್ದಾರೆ. ಒಬ್ಬೊಬ್ಬರಾಗಿ ಹೋಗಿ, ತುಟಿಪಿಟಕ್ಕೆನ್ನದೆ ಒಂದು ಗುಟುಕು ಗಂಜಿ ಕುಡಿಸಿ. ಯಾರ ಕೈಯನ್ನು ಗುರುತು ಹಿಡಿಯುತ್ತಾರೋ ಹಕ್ಕು ಅವರದು."

"ಭಲೇ! ಅವ್ವನಿಗೆ ನನ್ನ ಕೈ ಗೊತ್ತಿಲ್ಲವೇ?" ಎಂದು ಒಂಬತ್ತೂ ಜನ ಒಂದೇ ಉಸಿರಿಗೆ ಒಪ್ಪಿದರು.

ಮೊದಲು ದೊರೆ ಹೋದ. ಗಂಜಿ ಅರ್ಧ ಬಾಯಿಗೆ, ಅರ್ಧ ಕಿವಿಗೆ ಹೋಯಿತು. ಮುದುಕಿ ಕಣ್ಣು ತೆರೆಯದೆ ಗೊಣಗಿದಳು, "ಯಾರಪ್ಪ ನೀನು, ಹೊಸ ವೈದ್ಯನೇ?"

ಕಸ್ತೂರಪ್ಪ ಹೋದ. "ಕುದುರೆ ವಾಸನೆ ಹೊಡೀತಿದೆ. ಲಾಯದವರನ್ನು ಯಾರು ಒಳಗೆ ಬಿಟ್ಟರು?"

ದ್ಯಾವವ್ವ ಹೋದಳು. "ಬಳೆಗಾರ ಬಂದನೇನು? ಈ ವಯಸ್ಸಿನಲ್ಲಿ ನನಗೆ ಬಳೆ ಬೇಡಪ್ಪ."

ಉಳಿದ ಆರು ಜನರಿಗೂ ಅದೇ ಗತಿ. ಕೊನೆಗೆ ಹೊಂಬಯ್ಯ ಸಿದ್ದವ್ವನಿಗೆ ಸನ್ನೆ ಮಾಡಿದ. ಅವಳು ಒಂದು ಗುಟುಕು ಕುಡಿಸಿ, ಸೆರಗಿನಿಂದ ಬಾಯಿ ಒರೆಸಿದಳು.

"ಸಿದ್ದೀ, ನೀನು ಉಂಡೆಯೇನೇ?" ಎಂದಳು ಮುದುಕಿ.

"ತೀರ್ಮಾನವಾಯಿತು!" ಎಂದ ಹೊಂಬಯ್ಯ. "ಗಂಗಾಜಲದ ಹಕ್ಕು ಸಿದ್ದವ್ವನದು."

ಒಂಬತ್ತು ಮುಖವೂ ಇಂಗು ತಿಂದ ಮಂಗನಂತಾದವು. ಕಸ್ತೂರಪ್ಪ ನೆಲ ನೋಡಿದ. ದ್ಯಾವವ್ವ ಗಳಗಳನೆ ಅತ್ತೇಬಿಟ್ಟಳು. "ನಮ್ಮವ್ವನಿಗೆ ನನ್ನ ಕೈ ಮರೆತೇಹೋಯಿತಲ್ಲೋ!"

"ಗಡುವು ಕೊಡು ಹೊಂಬಯ್ಯ," ಎಂದ ದೊರೆ, ದನಿ ತಗ್ಗಿಸಿ. "ಒಂದು ತಿಂಗಳು. ಅಷ್ಟರಲ್ಲಿ ಗುರುತು ಹಿಡಿಯದಿದ್ದರೆ ಕೇಳು."

ಅಂದಿನಿಂದ ನೋಡಿ ಮಜಾ! ಸಿದ್ದವ್ವ ಪಾಳಿ ಹಾಕಿದಳು, ಒಂಬತ್ತು ಜನ ತಲೆಬಾಗಿದರು. ದೊರೆ ಎರಡು ಸಲ ಗಂಜಿ ಸೀಯಿಸಿ, ಮೂರನೆಯ ಸಲ ಹದ ಕಲಿತ. ಕಸ್ತೂರಪ್ಪ ದಿನಾ ಸೀಗೆಕಾಯಿ ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳೆದ. ದ್ಯಾವವ್ವ ಬಳೆಗಳನ್ನೆಲ್ಲ ಬಿಚ್ಚಿಟ್ಟು, ಎರಡೇ ಉಳಿಸಿಕೊಂಡು ಅವ್ವನ ಕಾಲೊತ್ತಿದಳು. ಕಷಾಯ ಹೊತ್ತುಹೊತ್ತಿಗೆ ಹೊಟ್ಟೆಗಿಳಿಯಿತು. ಹತ್ತು ದಿನಕ್ಕೆ ಜ್ವರ ಬಿಟ್ಟಿತು, ಇಪ್ಪತ್ತಕ್ಕೆ ಮುದುಕಿ ಒರಗಿ ಕೂತಳು.

ಆದರೆ ಒಂದು ವಿಚಿತ್ರ. ಪರೀಕ್ಷೆಗೆಂದು ಕಣ್ಣು ಮುಚ್ಚಿದರೆ ಸಾಕು, ದೊರೆ ಕುಡಿಸಿದಾಗ "ಕಸ್ತೂರಿ" ಅನ್ನುವಳು, ಕಸ್ತೂರಪ್ಪ ಕುಡಿಸಿದಾಗ "ದ್ಯಾವಿ" ಅನ್ನುವಳು. ಹೊಂಬಯ್ಯನಿಗೆ ಅನುಮಾನ ಬಂತು.

"ಬೇಕಂತಲೇ ತಪ್ಪು ಹೇಳುತ್ತೀರಲ್ಲ, ಅವ್ವಾ?" ಎಂದು ಒಬ್ಬಳೇ ಇದ್ದಾಗ ಕೇಳಿದ.

"ಮೆಲ್ಲಗೆ ಮಾತಾಡೋ!" ಎಂದಳು ಮುದುಕಿ. "ಒಬ್ಬನ ಗುರುತು ಹಿಡಿದರೆ ಉಳಿದ ಎಂಟು ಜನ ನಾಳೆಯೇ ಗಂಟುಮೂಟೆ ಕಟ್ಟುತ್ತಾರೆ. ಇವರನ್ನೆಲ್ಲ ಒಟ್ಟಿಗೆ ನೋಡಿ ಎಷ್ಟು ವರ್ಷವಾಗಿತ್ತು, ನಿನಗೇನು ಗೊತ್ತು?" ಅವಳ ಕಣ್ಣು ತುಂಬಿ ಬಂದಿತ್ತು. ಹೊಂಬಯ್ಯ ಮತ್ತೆ ಆ ಮಾತೆತ್ತಲಿಲ್ಲ.

ತಿಂಗಳು ತುಂಬಿತು. ಸಭೆ ಸೇರಿತು.

"ಗಡುವು ಮುಗಿಯಿತು ಹೊಂಬಯ್ಯ," ಎಂದ ದೊರೆ. "ಹೇಳು, ಅವ್ವನ ಬಾಯಿಗೆ ಕೊನೆಯ ನೀರು ಬಿಡುವವರು ಯಾರು?"

ಹೊಂಬಯ್ಯ ಕೈಮುಗಿದ. "ಬಿಡುವುದಕ್ಕೆ ಒಂಬತ್ತು ಜನ ಸಾಲುಗಟ್ಟಿ ನಿಂತಿದ್ದೀರಿ, ಅದರಲ್ಲಿ ತಕರಾರಿಲ್ಲ. ಆದರೆ ಈಗಷ್ಟೇ ವಿಚಾರಿಸಿಕೊಂಡು ಬಂದೆ ದೊರೆ, ಕುಡಿಯಬೇಕಾದವರೇ ಒಪ್ಪುತ್ತಿಲ್ಲ. ಅವರಿಗೆ ನೀರು ಬೇಡವಂತೆ. ಖಾರವಾಗಿ ಹುರುಳಿ ಸಾರು ಬೇಕಂತೆ!"

ದೊರೆ ಬಿದ್ದು ಬಿದ್ದು ನಕ್ಕ. ನಗುನಗುತ್ತಲೇ ಕಣ್ಣೊರೆಸಿಕೊಂಡ. ಹೊದ್ದಿದ್ದ ಜರತಾರಿ ಶಾಲನ್ನು ಹೊಂಬಯ್ಯನ ಹೆಗಲಿಗೆ ಹಾಕಿ, ಹುರುಳಿ ಬೇಯಿಸಲು ತಾನೇ ಅಡುಗೆಮನೆಗೆ ನಡೆದ. ಅವನ ಹಿಂದೆ ಎಂಟು ಜನ ಓಡಿದರು, ಒಗ್ಗರಣೆ ಯಾರು ಹಾಕಬೇಕೆಂದು ಕಚ್ಚಾಡುತ್ತ.