ನಿಂತ ಮಗ್ಗಗಳು

“ಗುರುಗಳೇ, ನಾನು ಯಾವಾಗ ಹೋಗಿ ನೋಡಿದರೂ ನನ್ನ ಆಳುಗಳು ಕೈಕಟ್ಟಿ ನಿಂತಿರುತ್ತಾರೆ. ಇವರನ್ನು ತಿದ್ದುವುದು ಹೇಗೆ?”

ಕೇಳಿದವನು ಹೆಂಚಿನ ಕಾರ್ಖಾನೆಯ ಒಡೆಯ ಚನ್ನವೀರ. ಹೊಸಿಲು ದಾಟುವಷ್ಟರಲ್ಲೇ ಪ್ರಶ್ನೆ ಹೊರಬಿದ್ದಿತ್ತು. ಗುರುಗಳು ಹೊಲಿಯುತ್ತಿದ್ದ ಕೌದಿಗೆ ಸೂಜಿ ಚುಚ್ಚಿ, ಮಡಚಿ ಬೆನ್ನ ಹಿಂದೆ ಇಟ್ಟರು. ಕೂರಲು ಹೇಳಿ ಕತೆ ತೊಡಗಿದರು.

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ತಂದೆ ಕಟ್ಟಿದ ನೇಯ್ಗೆಮನೆ ಅವನ ಪಾಲಿಗೆ ಬಂದಿತ್ತು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗಗಳು ಅವು. ದೇಸಾಯರ ಮಗಳ ಮದುವೆಗೆ ಬೀಗಿತ್ತಿಯರಿಗೆಲ್ಲ ಉಡುಗೊರೆಯ ಸೀರೆ ನೇಯಿಸಿ ಕೊಡುತ್ತೇನೆಂದು ಸಾಹುಕಾರ ಮಾತು ಕೊಟ್ಟಿದ್ದ. ಮುಹೂರ್ತಕ್ಕೆ ಸೀರೆ ಮುಟ್ಟದಿದ್ದರೆ ಆ ಸೀಮೆಯಲ್ಲಿ ಅವನ ಬಟ್ಟೆ ಕೇಳುವವರಿರಲಿಲ್ಲ; ತಂದೆಯ ಮಗ್ಗಗಳನ್ನೇ ಮುಚ್ಚಬೇಕಾಗುತ್ತಿತ್ತು.

ಕೆಲಸ ನೋಡಲು ಒಂದು ಬೆಳಿಗ್ಗೆ ಹೋದ. ನೇಕಾರರೆಲ್ಲ ಮಗ್ಗ ಬಿಟ್ಟು ನಿಂತಿದ್ದರು. ಮಧ್ಯಾಹ್ನ ಹೋದ, ನಿಂತೇ ಇದ್ದರು. ಆಳು ಮಾಡಿದ್ದು ಹಾಳು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ ಅಂದುಕೊಂಡ. ಇವರ ಮೈಗಳ್ಳತನ ಬಿಡಿಸಿಯೇ ತೀರುತ್ತೇನೆಂದು ಪಟ್ಟು ಹಿಡಿದು ಕೂತ. ಕೂತದ್ದಾದರೂ ಎಲ್ಲಿ! ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಗಳಿಗೆಗೊಮ್ಮೆ ನೇಯ್ಗೆಮನೆಗೆ ತಿರುಗಿದ. ಹೋದಾಗಲೆಲ್ಲ ಬಯ್ದ. ಬಯ್ಯುವಷ್ಟು ಹೊತ್ತೂ ಅವರು ತಲೆ ತಗ್ಗಿಸಿ ನಿಂತರು. ಸೀರೆಗಳು ಮುಂದೆ ಸಾಗಲಿಲ್ಲ. ಪಾಪ, ಸಾಹುಕಾರ ಕೆಟ್ಟವನಲ್ಲ. ಅವನಿಗೆ ಚಿಂತೆಯಲ್ಲಿ ಅನ್ನವೂ ಸೇರದಾಯಿತು.

ಮದುವೆ ಹತ್ತಿರ ಬಂತು. ಅವನು ತಡೆಯಲಾರದೆ ಹಿರಿಯ ನೇಕಾರನೊಬ್ಬನನ್ನು ಗದರಿದ: “ನಾ ಬಂದಾಗೆಲ್ಲಾ ನಿಂತೇ ಇರತೀಯಲ್ಲೊ, ಏನು ರೋಗ ಬಂದೈತಿ ನಿನಗ?”

“ನಿಮ್ಮ ತಲಿ ರುಮಾಲು ಅಂಗಳದಾಗ ಕಂಡಕೂಡ್ಲೆ ಏಳತೀವ್ರೀ ಯಪ್ಪಾ. ಧಣಿ ನಿಂತಾಗ ನಾವು ಕುಣಿಯೊಳಗ ಕಾಲು ಬಿಟ್ಟು ಕುಂಡ್ರೂದು ಹ್ಯಾಂಗ್ರೀ?”

ಸಾಹುಕಾರ ಹೊರಗೆ ಬಂದು ಗೋಡೆಯಾಚೆ ನಿಂತ. ಒಳಗೆ ಒಂದು ಲಾಳಿ ಸದ್ದು ಮಾಡಿತು. ಮತ್ತೊಂದು ಮಾಡಿತು. ಆಮೇಲೆ ಇಡೀ ಮನೆ ಸದ್ದು ಮಾಡಿತು. ತಂದೆ ಹೋದ ಮೇಲೆ ತನ್ನ ಮಗ್ಗಗಳು ಓಡುವುದನ್ನು ಅವನು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಅವನಿಗೆ ತುಂಬ ನಾಚಿಕೆಯಾಯಿತು.

ಮರುದಿನ ರುಮಾಲನ್ನು ಗೂಟಕ್ಕೆ ತೂಗುಹಾಕಿ, ಹಿತ್ತಿಲ ಬಾಗಿಲಿನಿಂದ ಬಂದು, ಖಾಲಿ ಬಿದ್ದಿದ್ದ ತಂದೆಯ ಮಗ್ಗದ ಕುಣಿಗೆ ಕಾಲು ಬಿಟ್ಟು ಕೂತ. “ಯಾರೂ ಏಳಬ್ಯಾಡ್ರಿ, ನಾನೂ ಕುಂತೀನಿ” ಎಂದ. ನೇಕಾರರು ಹಿಂದೆಮುಂದೆ ನೋಡಿ ಲಾಳಿ ಹಿಡಿದರು. ಎದ್ದು ಹೋಗಿ ಯಾರಿಗಾದರೂ ಏನಾದರೂ ಹೇಳಿಬಿಡಬೇಕೆಂದು ಸಾಹುಕಾರನ ನಾಲಿಗೆ ತುರಿಸುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಅವನು ಹಲ್ಲು ಕಚ್ಚಿಕೊಂಡು ದಿನವೂ ಕೂತ. ಮದುವೆಯ ದಿನ ಬೀಗಿತ್ತಿಯರೆಲ್ಲ ಹೊಸ ಸೀರೆ ಉಟ್ಟರು.

ಕತೆ ಮುಗಿಯಿತು. ಚನ್ನವೀರ ತಲೆದೂಗಿ ನಕ್ಕ.

“ಆ ಸಾಹುಕಾರನಿಗೆ ಕಣ್ಣಿದ್ದೂ ಕುರುಡು, ಗುರುಗಳೇ. ನಾನು ಹಾಗಲ್ಲ. ನಾನು ಹೋದಲ್ಲೆಲ್ಲ ಎಲ್ಲವನ್ನೂ ಗಮನಿಸುತ್ತೇನೆ.”

ಗುರುಗಳು ಕೇಳಿದರು: “ನೀನು ಒಳಗೆ ಬಂದಾಗ ನಾನು ಏನು ಮಾಡುತ್ತಿದ್ದೆ?”