ಚೌಡಮ್ಮನ ಬಚ್ಚಲಿನ ಗೀಸರ್

ಗಿರಣಿ ಯಜಮಾನರಿಗೆ ದಿನಾ ಒಲೆಯಲ್ಲಿ ನೀರು ಕಾಯಿಸಿಕೊಡುವವಳು ಆಳು ಚೌಡಮ್ಮ. ಅವಳ ಸ್ನಾನ ಮಾತ್ರ ಹಿತ್ತಲ ಬಚ್ಚಲಲ್ಲಿ, ತಣ್ಣೀರಲ್ಲಿ. ಬೆನ್ನಿಗೆ ಒಂದು ಚೊಂಬು ಬಿಸಿನೀರು ಬಿದ್ದರೆ ಸಾಕು ಅಂತ ಎಷ್ಟೋ ಚಳಿಗಾಲ ಹಂಬಲಿಸಿದ್ದಳು.

ಒಮ್ಮೆ ಯಜಮಾನರು ಅವಳನ್ನು ಅಂಗಡಿಗೆ ಕರೆದೊಯ್ದು ಗದರಿದರು: "ನನ್ನ ಬಚ್ಚಲ ಗೋಡೆಗೆ ಹಾಕೋ ಗೀಸರ್ ನೀನೇ ಆರಿಸು. ಬಾಳಿಕೆ ಬರದಿದ್ದರೆ ನಿನ್ನನ್ನೇ ಕೇಳ್ತೀನಿ."

ಅವಳು ಒಂದನ್ನು ತೋರಿಸಿದಳು. "ಹಿತ್ತಲ ಬೋರಿನ ಉಪ್ಪುನೀರಿಗೆ ಕಬ್ಬಿಣವೂ ನಿಲ್ಲಲ್ಲ, ಬುದ್ಧಿ. ಮೊದಲು ನನ್ನ ಬಚ್ಚಲಿಗೆ ಹಾಕಿಸಿ. ಅಲ್ಲಿ ಎಷ್ಟು ಕಾಲ ಬಾಳುತ್ತೆ ನೋಡಿಬಿಡೋಣ."

ಯಜಮಾನರು ತಲೆದೂಗಿ ಹಾಕಿಸಿದರು. ಅಂದು ಚೌಡಮ್ಮ ಆವಿಯೊಳಗೆ ಸುಖವಾಗಿ ಕಣ್ಣುಮುಚ್ಚಿ ಕೂತವಳು, ಯಜಮಾನರು ಕರೆದರೂ 'ಬಂದೆ ಬುದ್ಧಿ' ಅಂದಳೇ ಹೊರತು ಏಳಲಿಲ್ಲ.

ಮರುವರ್ಷದ ಚಳಿಗೆ ಯಜಮಾನರು ಹಿತ್ತಲಿಗೆ ಬಂದು, ಅವಳ ಬಚ್ಚಲಿನ ಆವಿಯನ್ನೇ ಆಸೆಯಿಂದ ನೋಡುತ್ತ ಕೇಳಿದರು: "ಎಷ್ಟು ಕಾಲ ಬಾಳುತ್ತಂತೆ?"

"ಹೇಗೆ ಹೇಳಲಿ ಬುದ್ಧಿ? ಹಾಳಾದದ್ದು ಇನ್ನೂ ಕೆಟ್ಟೇ ಇಲ್ಲ."