ತಾಯೀ ಎಂದು ಕರೆದ ಪುಟ

ಅಂಬುಜಾಕ್ಷಮ್ಮನವರ ಬಲಗೈ ಹೆಬ್ಬೆರಳು ಮೊಬೈಲಿನಲ್ಲಿ ಇಂಗ್ಲಿಷ್ ಜಾಲತಾಣ ಕಂಡರೆ ಹೊಸ್ತಿಲಲ್ಲೇ ನಿಂತು ಬೆವರುತ್ತಿತ್ತು. ಕನ್ನಡದ್ದಾದರೆ ತವರುಮನೆಯೆಂಬಂತೆ ನೇರವಾಗಿ ಒಳಗೆ ನುಗ್ಗುತ್ತಿತ್ತು. ಒಂದು ಬೆಳಿಗ್ಗೆ ಅಪರಿಚಿತ ಪುಟವೊಂದು ಅಚ್ಚಗನ್ನಡದಲ್ಲಿ ಕರೆಯಿತು: "ಬನ್ನಿ ತಾಯೀ! ನಿಮಗೆ ಹೊಸ ಕನ್ನಡಕ ಉಚಿತ. ನಿಮ್ಮ ಬ್ಯಾಂಕಿನ ಗುಪ್ತಸಂಖ್ಯೆಯನ್ನು ಇಲ್ಲಿ ಬರೆದರೆ ಸಾಕು."

ಹೆಬ್ಬೆರಳು ಮೊದಲ ಅಂಕಿಯನ್ನು ಒತ್ತಿಯೇಬಿಟ್ಟಿತು.

"ತಡೆ ಮಗೂ!" ಎಂದಿತು ಅಮ್ಮನ ಮೂಗಿನ ಮೇಲಿದ್ದ ಹಳೆಯ ಕನ್ನಡಕ. "ಅಮ್ಮ ಜೀವಮಾನವಿಡೀ ಕೂಡಿಟ್ಟದ್ದೆಲ್ಲ ಆ ಸಂಖ್ಯೆಯ ಹಿಂದಿದೆ."

"ನಿನ್ನ ಜಾಗಕ್ಕೆ ಹೊಸಬರು ಬರುತ್ತಾರೆಂದು ಹೊಟ್ಟೆಯುರಿಯೇ ಅಜ್ಜಾ? ತಾಯೀ ಎಂದು ಕರೆಯುವವರು ಮೋಸ ಮಾಡುತ್ತಾರೆಯೇ?"

"ಹೊಟ್ಟೆಯುರಿಯೆಂದೇ ಇಟ್ಟುಕೋ. ಪುಟದ ಮೇಲ್ತುದಿಯಲ್ಲಿ ಭಾಷೆ ಬದಲಿಸುವ ಗುಂಡಿಯಿದೆ. ಅದನ್ನೊಮ್ಮೆ ಒತ್ತು, ಆಮೇಲೆ ನಿನ್ನಿಷ್ಟ."

ಹೆಬ್ಬೆರಳು ನಗುತ್ತಲೇ ಒತ್ತಿತು. ಪುಟ ಇಂಗ್ಲಿಷಿಗೆ ತಿರುಗಿತು: ಅದೇ ಉಚಿತ ಕನ್ನಡಕ, ಅದೇ ಖಾಲಿ ಚೌಕ, ಅದೇ ಪ್ರಶ್ನೆ. ಹೆಬ್ಬೆರಳು ಕಾದ ಬಾಣಲೆ ಮುಟ್ಟಿದಂತೆ ಹಿಂದೆ ಸರಿಯಿತು.

"ಅಯ್ಯೋ ಅಜ್ಜಾ, ಯಾರೋ ಗುರುತಿಲ್ಲದವರು ಅಮ್ಮನ ಗುಪ್ತಸಂಖ್ಯೆ ಕೇಳುತ್ತಿದ್ದಾರೆ!"

"ಆಗ ಕನ್ನಡದಲ್ಲಿ ಕೇಳಿದವರೂ ಅವರೇ," ಎಂದಿತು ಕನ್ನಡಕ.

ಹೆಬ್ಬೆರಳು ಒತ್ತಿದ್ದ ಅಂಕಿಯನ್ನು ಅಳಿಸಿ, ಪುಟವನ್ನು ಮುಚ್ಚಿತು.

ಮರುದಿನ ಇನ್ನೊಂದು ಪುಟ ಕನ್ನಡದಲ್ಲಿ "ಬನ್ನಿ ತಾಯೀ" ಎಂದಿತು.

"ಬಂದೆವು," ಎಂದಿತು ಹೆಬ್ಬೆರಳು, ಅಷ್ಟೇ ಅಚ್ಚಗನ್ನಡದಲ್ಲಿ. "ಆದರೆ ಮೊದಲು ತಾವು ಯಾರೆಂದು ಹೇಳಿ. ನಮ್ಮಜ್ಜ ಓದಿ ನೋಡುತ್ತಾರೆ."